ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ: ಬೋರ್ಡ್ ಬದಲಿಸುವ ಮುಂಚೆ

ಪ್ರಶ್ನೆ: ಸರ್, ನಮ್ಮದು ಜಮಖಂಡಿ ಹತ್ತಿರ ಹಳ್ಳಿ. ಬಾಗಲಕೋಟೆ ನವನಗರದಲ್ಲಿ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಬ್ಬಿನ ಬಿಲ್ ಬಂದಾಗ ಅಪ್ಪ ಕೊಟ್ಟ ದುಡ್ಡಿನಲ್ಲಿ ಮೊದಲ ಸಲ ಕಂಪ್ಯೂಟರ್ ನಾನೇ ಜೋಡಿಸಿದೆ. ರೈಜೆನ್ 5 5600 ಪ್ರೊಸೆಸರ್, ಹಳೆ ಸ್ಟಾಕ್ ಅಂತ ಕಡಿಮೆಗೆ ಸಿಕ್ಕ ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ರ್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 550 ವಾಟ್ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ). ಬಟನ್ ಒತ್ತಿದರೆ ಎಲ್ಲ ಫ್ಯಾನ್ ತಿರುಗುತ್ತವೆ, ಲೈಟ್ ಹತ್ತುತ್ತೆ. ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’. ಎಚ್‌ಡಿಎಂಐ ಕೇಬಲ್ಲನ್ನು ಬೋರ್ಡಿಗೂ ಹಾಕಿ ನೋಡಿದೆ, ಕಾರ್ಡಿಗೂ ಹಾಕಿ ನೋಡಿದೆ. ಮೂರು ದಿನ ಆಯ್ತು. ಒಬ್ಬರು ಬೋರ್ಡ್ ಹೋಗಿದೆ ಅಂದರು, ಇನ್ನೊಬ್ಬರು ಎಸ್‌ಎಂಪಿಎಸ್ ಅಂದರು. ಯಾವುದನ್ನು ಬದಲಿಸಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ಕ್ಯಾಬಿನೆಟ್ ಮುಟ್ಟದೇ ‘ಬೋರ್ಡ್ ಹೋಗಿದೆ’ ಅನ್ನುವುದು ಸುಲಭ. ಹೋಗುವುದು ನಿಮ್ಮ ದುಡ್ಡು ತಾನೇ? ವಿಜಯಪುರದಲ್ಲಿ ನನ್ನ ಮೇಜಿಗೆ ಬರುವ ಹೊಸ ಕಂಪ್ಯೂಟರ್‌ಗಳಲ್ಲಿ, ಡಿಸ್‌ಪ್ಲೇ ಇಲ್ಲ ಅಂತ ಬಂದವುಗಳಲ್ಲಿ, ನಿಜಕ್ಕೂ ಸತ್ತ ಬೋರ್ಡ್ ಸಿಗುವುದು ಅಪರೂಪ. ಕೂರದ ರ್ಯಾಮ್, ಹಾಕದ ವೈರ್, ಹಳೇ ಬಯೋಸ್ (ಆನ್ ಆದ ಕೂಡಲೇ ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್), ಬಹುಪಾಲು ಇವೇ. ನಿಮ್ಮ ಪತ್ರದಲ್ಲೇ ಒಂದು ಸುಳಿವು ಬಿದ್ದಿದೆ, ‘ಹಳೆ ಸ್ಟಾಕ್’ ಅಂತ. ನನ್ನ ಅನುಮಾನ ಅದರ ಮೇಲೇ. ಆದರೆ ಅಲ್ಲಿಗೆ ಹೋಗುವ ಮುಂಚೆ ಒಂದು ತಾಸಿನ ಕೆಲಸ ಇದೆ, ಸ್ಕ್ರೂಡ್ರೈವರ್ ಹಿಡಿದು ಕೂತುಕೊಳ್ಳಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಫ್ಯಾನ್ ತಿರುಗಿತು ಅಂದರೆ ಕಂಪ್ಯೂಟರ್‌ಗೆ ಜೀವ ಬಂತು ಅಂತ ಅಲ್ಲ. ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಬಂದರೆ ಸಾಕು, ಫ್ಯಾನ್ ತಿರುಗುತ್ತೆ, ಬಣ್ಣದ ಲೈಟ್ ಹತ್ತುತ್ತೆ. ಪ್ರೊಸೆಸರ್ ಇಲ್ಲದಿದ್ದರೂ ಎಷ್ಟೋ ಬೋರ್ಡ್‌ಗಳಲ್ಲಿ ಫ್ಯಾನ್ ತಿರುಗುತ್ತೆ. ಡಿಸ್‌ಪ್ಲೇ ಬರಬೇಕು ಅಂದರೆ ಪ್ರೊಸೆಸರ್ ಎಚ್ಚರವಾಗಬೇಕು, ಬಯೋಸ್ ಓಡಬೇಕು, ರ್ಯಾಮ್ ಸಿಗಬೇಕು, ಆಮೇಲೆ ಕಾರ್ಡ್ ಸಿಗಬೇಕು. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದೆ ಅಂತ ಹುಡುಕುವುದೇ ನಮ್ಮ ಕೆಲಸ. ಸಿಕ್ಕಿದ್ದನ್ನೆಲ್ಲ ಬದಲಿಸುತ್ತಾ ಹೋದರೆ ಕೊನೆಗೆ ಎರಡು ಕಂಪ್ಯೂಟರ್‌ನ ಸಾಮಾನು ಆಗುತ್ತೆ, ಡಿಸ್‌ಪ್ಲೇ ಒಂದರಲ್ಲೂ ಇರಲ್ಲ.

ಕೇಬಲ್ ಬೋರ್ಡಿಗೂ ಹಾಕಿ ನೋಡಿದೆ ಅಂತ ಬರೆದಿದ್ದೀರಿ. ರೈಜೆನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಹಿಂದಿನ ಎಚ್‌ಡಿಎಂಐ ಪೋರ್ಟ್ ಈ ಪ್ರೊಸೆಸರ್‌ಗೆ ಬರೀ ಅಲಂಕಾರ. ಹೆಸರಿನ ಕೊನೆಗೆ ‘ಜಿ’ ಇರುವ 5600ಜಿ ಹಾಕಿದ್ದರೆ ಅಲ್ಲಿಂದ ಡಿಸ್‌ಪ್ಲೇ ಬರುತ್ತಿತ್ತು. ಇಂಟೆಲ್‌ನಲ್ಲಿ ಇದು ಉಲ್ಟಾ: 12400ಎಫ್ ತರಹ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲ. ಹಾಗಾಗಿ ಕೇಬಲ್ ಇನ್ನು ಮೇಲೆ ಕಾರ್ಡಿಗೇ ಇರಲಿ. ಮಾನಿಟರ್‌ನ ಬಟನ್ ಒತ್ತಿ ಇನ್‌ಪುಟ್ ಎಚ್‌ಡಿಎಂಐನಲ್ಲೇ ಇದೆಯಾ ಅಂತಲೂ ನೋಡಿ, ವಿಜಿಎ ಮೇಲೆ ನಿಂತಿರುವುದೂ ಉಂಟು. ಗೆಳೆಯರ ಲ್ಯಾಪ್‌ಟಾಪ್‌ಗೆ ಅದೇ ಕೇಬಲ್, ಅದೇ ಮಾನಿಟರ್ ಹಾಕಿ ಒಮ್ಮೆ ಪರೀಕ್ಷೆ ಮಾಡಿಬಿಟ್ಟರೆ ಆ ಎರಡರ ಚಿಂತೆ ಬಿಡಬಹುದು.

ಇನ್ನೊಂದು ಪುಕ್ಕಟೆ ಪರೀಕ್ಷೆ. ವೈರ್ ಇರುವ ಕೀಬೋರ್ಡ್ ಹಾಕಿ, ಕಂಪ್ಯೂಟರ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಒಳಗೆ ಬಯೋಸ್ ಓಡುತ್ತಿದೆ. ಆಗ ತೊಂದರೆ ಇರುವುದು ಕಾರ್ಡ್, ಕೇಬಲ್, ಮಾನಿಟರ್ ಕಡೆಗೆ ಮಾತ್ರ. ಏನೂ ಆಗಲಿಲ್ಲ ಅಂದರೆ ಬಯೋಸ್ ಅಲ್ಲಿಯವರೆಗೆ ಬಂದೇ ಇಲ್ಲ ಅನ್ನಬಹುದು. ಮುಂದೆ ಓದಿ.

ಈಗ ಕ್ಯಾಬಿನೆಟ್ ತೆಗೆಯಿರಿ. ನಮ್ಮ ಕಡೆ ಇಡೀ ಡಬ್ಬಿಗೇ ಸಿಪಿಯು ಅಂತಾರೆ, ಅದಕ್ಕೇ ನಾನು ಈ ಉತ್ತರದಲ್ಲಿ ಚಿಪ್‌ಗೆ ಪ್ರೊಸೆಸರ್ ಅಂತಲೇ ಬರೆಯುತ್ತಿದ್ದೇನೆ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಬೋರ್ಡಿನ ಎಡ ಮೇಲ್ತುದಿಯಲ್ಲಿ, ಪ್ರೊಸೆಸರ್‌ನ ಹತ್ತಿರ, 8 ತೂತಿನ ಒಂದು ಸಾಕೆಟ್ ಇರುತ್ತೆ. ಕೆಲವದರಲ್ಲಿ 4. ಪ್ರೊಸೆಸರ್‌ಗೆ ಕರೆಂಟ್ ಹೋಗುವುದೇ ಅಲ್ಲಿಂದ. ಬಲಕ್ಕಿರುವ 24 ಪಿನ್ನಿನ ದೊಡ್ಡ ವೈರ್ ಎಲ್ಲರೂ ಹಾಕುತ್ತಾರೆ, ಈ ಮೂಲೆಯದನ್ನು ಮರೆಯುತ್ತಾರೆ. ಮರೆತರೆ ಹೇಗಿರುತ್ತೆ ಗೊತ್ತಾ? ಥೇಟ್ ನಿಮ್ಮದರ ಹಾಗೆ. ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಡಿಸ್‌ಪ್ಲೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಎಸ್‌ಎಂಪಿಎಸ್‌ನಲ್ಲಿ 8 ಪಿನ್ನಿನ ವೈರ್ ಎರಡು ತರಹ ಇರುತ್ತೆ. 4 ಮತ್ತು 4 ಆಗಿ ಬಿಡಿಸಿಕೊಳ್ಳುವುದು ಪ್ರೊಸೆಸರ್‌ಗೆ. 6 ಮತ್ತು 2 ಆಗಿ ಬಿಡಿಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡಿಗೆ. ನೋಡಲು ಅವಳಿ ಜವಳಿ, ಆದರೆ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರುತ್ತೆ. ಪಿನ್ನಿನ ಆಕಾರ ಬೇರೆ ಇರುವುದರಿಂದ ಸುಲಭಕ್ಕೆ ಹೋಗಲ್ಲ. ಹೋಗಲ್ಲ ಅಂದರೆ ಒತ್ತಬೇಡಿ. ಆರ್‌ಎಕ್ಸ್ 6600ಕ್ಕೆ ಸಾಮಾನ್ಯವಾಗಿ ಒಂದು 8 ಪಿನ್ ಬೇಕು. ಅದೂ ಪೂರ್ತಿ ಕೂತಿದೆಯಾ ನೋಡಿ. ಸ್ಲಾಟ್‌ನಿಂದ ಸಿಗುವ 75 ವಾಟ್ ಆ ಕಾರ್ಡಿಗೆ ಸಾಲಲ್ಲ. ಹಾಗೇ, ವೈರ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ಬೇರೆ ಎಸ್‌ಎಂಪಿಎಸ್‌ನ ವೈರ್ ತಂದು ಚುಚ್ಚಬೇಡಿ. ತುದಿ ಒಂದೇ ತರಹ ಕಂಡರೂ ಒಳಗೆ ಪಿನ್ನಿನ ಜೋಡಣೆ ಕಂಪನಿಗೊಂದು.

ಇದಾದ ಮೇಲೆ ರ್ಯಾಮ್. ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಯಾಕೆಂದರೆ ಅತಿ ಹೆಚ್ಚು ಸಲ ಕಳ್ಳ ಸಿಗುವುದು ಇಲ್ಲೇ. ಮೊದಲ ಸಲ ಜೋಡಿಸುವವರು ಹೆದರಿ ಹೆದರಿ ಒತ್ತುತ್ತಾರೆ. ರ್ಯಾಮ್ ಮುರಿದು ಹೋದರೆ ಅಂತ. ಒಂದು ತುದಿಯಲ್ಲಿ ಟಕ್ ಅನ್ನುತ್ತೆ, ಕೂತಿತು ಅಂದುಕೊಳ್ಳುತ್ತಾರೆ, ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇ ಉಳಿದಿರುತ್ತೆ. ಎರಡನ್ನೂ ಕಿತ್ತುಬಿಡಿ. ಬಂಗಾರದ ಬಣ್ಣದ ಅಂಚನ್ನು ಹೊಸ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಬೇಡಿ, ಒಣ ಬಟ್ಟೆಯಿಂದ ಒರೆಸಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತೆ. ಹೊಸ ರ್ಯಾಮ್‌ಗೆ ಇದು ಅಷ್ಟು ಬೇಕಾಗಲ್ಲ. ಆದರೆ ಮಳೆಗಾಲ ಮುಗಿಸಿ ಬೆಳಗಾವಿಯಿಂದ ಬರುವ ಹಳೇ ಕಂಪ್ಯೂಟರ್‌ಗಳಲ್ಲಿ ಅರ್ಧಕ್ಕರ್ಧ ಈ ರಬ್ಬರಿನಲ್ಲೇ ಸರಿ ಹೋಗುತ್ತವೆ. ಅಲ್ಲಿಯ ತಂಪು ಅಂಥದ್ದು. ನಮ್ಮ ವಿಜಯಪುರದ ಧೂಳಿನದು ಬೇರೆ ಕಥೆ, ಅದು ಸ್ಲಾಟ್ ಒಳಗೇ ಸಂಸಾರ ಹೂಡಿರುತ್ತೆ.

ಈಗ ಒಂದೇ ಒಂದು ರ್ಯಾಮ್ ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೆ. ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಎ2 ಅಂತ ಇರುತ್ತೆ. ಎರಡೇ ಸ್ಲಾಟ್ ಇದ್ದರೆ ಯಾವುದಕ್ಕೆ ಅಂತ ಬೋರ್ಡಿನ ಪುಸ್ತಕ ನೋಡಿ. ಸ್ಲಾಟ್ ನಡುವಿನ ಗುಬುಟಿಗೂ ರ್ಯಾಮ್‌ನ ಕಚ್ಚಿಗೂ ತಾಳೆ ಆಗುತ್ತಾ ಅಂತ ಮೊದಲು ಕಣ್ಣಲ್ಲಿ ನೋಡಿ. ಆಮೇಲೆ ಎರಡೂ ಹೆಬ್ಬೆರಳನ್ನು ಎರಡು ತುದಿಗೆ ಇಟ್ಟು ನೇರ ಕೆಳಗೆ ಒತ್ತಿ. ಬೋರ್ಡ್ ಸ್ವಲ್ಪ ಬಾಗಿದಂತೆ ಅನಿಸಿ ಎದೆ ಝಲ್ ಅನ್ನುತ್ತೆ, ಪರವಾಗಿಲ್ಲ. ಕೊಂಡಿ ತಾನಾಗಿ ಮೇಲೆದ್ದು ರ್ಯಾಮ್ ಹಿಡಿದುಕೊಳ್ಳಬೇಕು. ನೀವು ಕೊಂಡಿ ಎತ್ತಿ ಸಿಕ್ಕಿಸಿದರೆ ಅದು ಕೂತ ಲೆಕ್ಕ ಅಲ್ಲ. ಆನ್ ಮಾಡಿ ಎರಡು ಮೂರು ನಿಮಿಷ ಕಾಯಿರಿ. ಬರಲಿಲ್ಲವಾ, ಇನ್ನೊಂದು ರ್ಯಾಮ್ ಅದೇ ಸ್ಲಾಟ್‌ಗೆ. ಅದೂ ಇಲ್ಲವಾ, ಬೇರೆ ಸ್ಲಾಟ್‌ಗೆ. ಪ್ರತಿ ಸಲ ಪ್ಲಗ್ ಕಿತ್ತೇ ಬದಲಿಸಿ. ಮುಂದೆ ಎರಡನ್ನೂ ಹಾಕುವಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್.

ಕಾಯಿರಿ ಅಂದದ್ದಕ್ಕೆ ಕಾರಣ ಇದೆ. ಮೊದಲ ಸಲ ಆನ್ ಆದಾಗ ಬೋರ್ಡ್ ರ್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತೆ. ನಿಮ್ಮದು ಡಿಡಿಆರ್4 ರ್ಯಾಮ್, ಹೆಚ್ಚು ಹೊತ್ತು ಬೇಕಾಗಲ್ಲ. ಈಗಿನ ಡಿಡಿಆರ್5 ಇರುವ ರೈಜೆನ್‌ಗಳಲ್ಲಿ ಮೊದಲ ಸಲ ಹಲವು ನಿಮಿಷ ಪರದೆ ಕಪ್ಪಾಗೇ ಇರಬಹುದು. ಅಷ್ಟರೊಳಗೆ ಗಾಬರಿಯಾಗಿ ಬಟನ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು.

ಬೋರ್ಡ್ ಏನಾದರೂ ಹೇಳುತ್ತಿದೆಯಾ ಅಂತಲೂ ನೋಡಿ. ಎಷ್ಟೋ ಬೋರ್ಡ್‌ಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನಾಲ್ಕು ಲೈಟ್ ಇರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಅಂತ ಅಚ್ಚು ಹಾಕಿರುತ್ತೆ (ಇಲ್ಲಿ ಸಿಪಿಯು ಅಂದರೆ ಪ್ರೊಸೆಸರ್, ವಿಜಿಎ ಅಂದರೆ ಗ್ರಾಫಿಕ್ಸ್ ಕಾರ್ಡ್). ಯಾವುದರ ಮೇಲೆ ಲೈಟ್ ನಿಂತುಬಿಡುತ್ತೋ ಅಲ್ಲಿ ಗಾಡಿ ಸಿಕ್ಕಿಕೊಂಡಿದೆ ಅಂತ ಅರ್ಥ. ಬಣ್ಣದ ಲೈಟ್ ಹೊಳೆಯುವುದನ್ನು ನೋಡುತ್ತಾ ಇದನ್ನು ಯಾರೂ ಗಮನಿಸಲ್ಲ. ನಿಮ್ಮ ಬೋರ್ಡಿನಲ್ಲಿ ಈ ಲೈಟ್ ಇಲ್ಲದಿದ್ದರೆ ನಾಲ್ಕು ಪಿನ್ನಿಗೆ ಚುಚ್ಚುವ ಪುಟ್ಟ ಬಜರ್ ಸಿಗುತ್ತೆ, ತಂದು ಹಾಕಿ. ಆಮೇಲೆ ರ್ಯಾಮ್ ಎಲ್ಲ ಕಿತ್ತು ಬೇಕಂತಲೇ ಆನ್ ಮಾಡಿ. ಕೀಂ ಕೀಂ ಅಂತ ಕಿರುಚಿಕೊಂಡರೆ ಖುಷಿ ಪಡಿ. ರ್ಯಾಮ್ ಇಲ್ಲ ಅಂತ ದೂರು ಹೇಳಲು ಪ್ರೊಸೆಸರ್ ಮತ್ತು ಬಯೋಸ್ ಎರಡೂ ಎಚ್ಚರ ಇರಲೇಬೇಕು. ಬೋರ್ಡ್ ಹೋಗಿದೆ ಅಂದವರ ಮಾತು ಅಲ್ಲಿಗೇ ಬಿತ್ತು. ರ್ಯಾಮ್ ಇಲ್ಲದಿದ್ದರೂ ಸುಮ್ನೆ ಕೂತಿದ್ದರೆ, ಅಥವಾ ಸಿಪಿಯು ಲೈಟ್ ಆರದೇ ಇದ್ದರೆ, ನನ್ನ ಮೊದಲ ಅನುಮಾನಕ್ಕೆ ಬರೋಣ.

ಬಿ450 ಚಿಪ್‌ಸೆಟ್ ಬಂದದ್ದು 2018ರಲ್ಲಿ. ರೈಜೆನ್ 5000 ಸರಣಿ ಮಾರುಕಟ್ಟೆಗೆ ಬಂದದ್ದು 2020ರ ಕೊನೆಗೆ, ನಿಮ್ಮ 5600 ಇನ್ನೂ ತಡ, 2022ರಲ್ಲಿ. ನಿಮ್ಮ ಬೋರ್ಡ್ 2019ರಲ್ಲೇ ತಯಾರಾಗಿ ಬಾಕ್ಸ್‌ನಲ್ಲಿ ಮಲಗಿತ್ತು ಅಂದುಕೊಳ್ಳಿ. ಅದರ ಬಯೋಸ್‌ಗೆ ಮೂರು ವರ್ಷ ಆಮೇಲೆ ಹುಟ್ಟಿದ ಪ್ರೊಸೆಸರ್‌ನ ಗುರುತು ಹೇಗೆ ಸಿಗಬೇಕು? ಸಾಕೆಟ್ ಅದೇ ಎಎಂ4, ಪಿನ್ ಅಷ್ಟೇ 1331, ಕೂತುಕೊಳ್ಳುತ್ತೆ. ಬಯೋಸ್ ಮಾತ್ರ ‘ಯಾರಪ್ಪಾ ನೀನು’ ಅಂತ ಬಾಗಿಲು ತೆಗೆಯಲ್ಲ. ಇದರಲ್ಲಿ ಬೋರ್ಡಿನ ತಪ್ಪೂ ಇಲ್ಲ, ನಿಮ್ಮ ಜೋಡಣೆಯ ತಪ್ಪೂ ಇಲ್ಲ. ಹಳೆ ಸ್ಟಾಕ್ ಮಾರುವಾಗ ಈ ಮಾತು ಹೇಳಬೇಕಿತ್ತು, ಅಷ್ಟೇ.

ಬೋರ್ಡಿನ ಬಾಕ್ಸ್ ಇದೆಯಲ್ಲ, ಅದರ ಮೇಲೆ ರೈಜೆನ್ 5000ಕ್ಕೆ ತಯಾರು ಅನ್ನುವ ಸ್ಟಿಕ್ಕರ್ ಹುಡುಕಿ. ಬೋರ್ಡಿನ ಮೇಲೆ ಬಯೋಸ್ ಆವೃತ್ತಿ ಬರೆದ ಸಣ್ಣ ಚೀಟಿಯೂ ಕೆಲವೊಮ್ಮೆ ಇರುತ್ತೆ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ ಹಾಕಿದರೆ ಯಾವ ಪ್ರೊಸೆಸರ್‌ಗೆ ಯಾವ ಆವೃತ್ತಿಯಿಂದ ಬೆಂಬಲ ಶುರು ಅಂತ ಪಟ್ಟಿ ಇರುತ್ತೆ. ಮೊಬೈಲ್‌ನಲ್ಲೇ ನೋಡಬಹುದು. ಚೀಟಿಯ ಆವೃತ್ತಿ ಹಳೆಯದಾಗಿದ್ದರೆ ರೋಗ ಗೊತ್ತಾದಂತೆಯೇ.

ಔಷಧಿ ಎರಡು ತರಹ. ಕೆಲವು ಬಿ450 ಬೋರ್ಡ್‌ಗಳಲ್ಲಿ ಪ್ರೊಸೆಸರ್ ಸಹಾಯ ಇಲ್ಲದೇ ಬಯೋಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆ, ಹಿಂದಿನ ಯುಎಸ್‌ಬಿ ಪೋರ್ಟ್‌ಗಳ ಪಕ್ಕ. ಇದ್ದರೆ ನಿಮ್ಮ ಅದೃಷ್ಟ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲ್ ಅದಕ್ಕೆ ಹಾಕಿ, ಪುಸ್ತಕದಲ್ಲಿ ಹೇಳಿದ ಹೆಸರೇ ಇಟ್ಟು, ಗುರುತು ಹಾಕಿದ ಪೋರ್ಟ್‌ಗೇ ಚುಚ್ಚಿ ಬಟನ್ ಒತ್ತಿ. 24 ಪಿನ್ ಮತ್ತು 8 ಪಿನ್ ವೈರ್ ಹಾಕಿರಬೇಕು. ಲೈಟ್ ಮಿನುಗುವುದು ನಿಲ್ಲುವವರೆಗೆ ಕೈ ಹಚ್ಚಬೇಡಿ. ಕರೆಂಟ್ ಹೋಗುವ ಹೊತ್ತು ನೋಡಿಕೊಳ್ಳಿ. ಮನೆಯಲ್ಲಿ ಯುಪಿಎಸ್ ಇದ್ದವರ ಹತ್ತಿರ ಹೋಗಿ ಮಾಡಿದರೆ ಇನ್ನೂ ವಾಸಿ.

ಬಟನ್ ಇಲ್ಲದಿದ್ದರೆ ಆ ಬೋರ್ಡಿಗೆ ಗುರುತಿರುವ ಹಳೇ ಪ್ರೊಸೆಸರ್ ಬೇಕು. ರೈಜೆನ್ 5 2600 ಆಗಬಹುದು, ಅದಕ್ಕೂ ಗ್ರಾಫಿಕ್ಸ್ ಇಲ್ಲ, ನಿಮ್ಮ ಕಾರ್ಡ್ ಇದೆಯಲ್ಲ. ಕಾಲೇಜಿನಲ್ಲಿ ಯಾರ ಹತ್ತಿರವಾದರೂ ಇರುತ್ತೆ, ಕೇಳಿ. ಅದನ್ನು ಹಾಕಿ, ಬಯೋಸ್ ಅಪ್‌ಡೇಟ್ ಮಾಡಿ, ಹೊಳ್ಳಿ ನಿಮ್ಮದನ್ನು ಹಾಕಿ. ಆದರೆ ಕೂಲರ್ ತೆಗೆಯುವಾಗ ಜೋಕೆ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನ ಅಡಿಗೆ, ಲಿವರ್ ಅದನ್ನು ಬರೀ ಪಿನ್ನಿನಲ್ಲಿ ಹಿಡಿದಿರುತ್ತೆ. ಕೂಲರ್ ಪೇಸ್ಟ್ ಗಟ್ಟಿಯಾಗಿ ಅಂಟಿದ್ದಾಗ ಸೀದಾ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಲರ್ ಬೆನ್ನಿಗೆ ಅಂಟಿಕೊಂಡೇ ಕಿತ್ತು ಬರುತ್ತೆ. ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ಪೇಸ್ಟ್ ಸಡಿಲಾದದ್ದು ಕೈಗೆ ಗೊತ್ತಾಗುತ್ತೆ. ಆಮೇಲೆ ಎತ್ತಿ. ಹತ್ತಿಪ್ಪತ್ತು ನಿಮಿಷ ಆನ್ ಇಟ್ಟು ಬಿಸಿ ಮಾಡಿಕೊಂಡರೆ ಪೇಸ್ಟ್ ಮೆತ್ತಗಾಗುತ್ತೆ. ತೆಗೆಯುವ ಮುಂಚೆ ಪ್ಲಗ್ ಕೀಳಿ. ಒಂದೆರಡು ಪಿನ್ ವಾಲಿದ್ದರೆ ಮೊನೆಯಿಲ್ಲದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯ ತೂತಿಗೆ ಪಿನ್ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಸಾಲಿಗೆ ಬಂತಾ ಅಂತ ಅಡ್ಡಲಾಗಿ ಒಂದು ಕಣ್ಣು ಮುಚ್ಚಿ ನೋಡಿ. ಹಳೇ ಪೇಸ್ಟ್ ಒರೆಸಿ, ಕಡಲೆ ಕಾಳಿನಷ್ಟು ಹೊಸದು ಹಚ್ಚಿ.

ಬಯೋಸ್ ಸರಿಯಾಗಿದ್ದೂ ಡಿಸ್‌ಪ್ಲೇ ಬರದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯಿರಿ. ಯಾಕೆ ಅಂತ ನನ್ನದೇ ಕಥೆ ಹೇಳುತ್ತೇನೆ. ಊರಿಗೆ ಇನ್ನೂ ಬಿಜಾಪುರ ಅಂತಲೇ ಹೆಸರಿದ್ದ ಕಾಲ. ನೆಂಟರ ಮಗನಿಗೆ ಹಳೇ ಕ್ಯಾಬಿನೆಟ್‌ನಲ್ಲಿ ಹೊಸ ಬೋರ್ಡ್ ಕೂರಿಸಿ ಕೊಟ್ಟಿದ್ದೆ. ಆನ್ ಮಾಡಿದರೆ ಫ್ಯಾನ್ ಅರೆಕ್ಷಣ ತಿರುಗಿ ನಿಲ್ಲುತ್ತಿತ್ತು. ಎಸ್‌ಎಂಪಿಎಸ್ ಬದಲಿಸಿದೆ, ರ್ಯಾಮ್ ಬದಲಿಸಿದೆ, ಎರಡು ದಿನ ತಲೆ ಕೆಡಿಸಿಕೊಂಡೆ. ಬೋರ್ಡ್ ವಾಪಸ್ ಕೊಡೋಣ ಅಂತ ಬಿಚ್ಚಿದಾಗ ಕೆಳಗೆ ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ) ಒಂದು ಹೆಚ್ಚಿಗೆ ನಿಂತಿತ್ತು, ಮೊದಲಿನ ಬೋರ್ಡಿಗೆ ಹಾಕಿದ್ದು. ಹೊಸ ಬೋರ್ಡಿಗೆ ಅಲ್ಲಿ ತೂತೇ ಇರಲಿಲ್ಲ. ಅದರ ತಲೆ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತಿತ್ತು. ತೆಗೆದು ಹಾಕಿದೆ, ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಂಗೆ ಎರಡು ದಿನ ಕಂಪನಿಯನ್ನು ಬೈದಿದ್ದೆ.

ಬೋರ್ಡನ್ನು ಅದರ ರಟ್ಟಿನ ಬಾಕ್ಸ್ ಮೇಲೆ ಇಡಿ. ಜೊತೆಗೆ ಬಂದ ಹೊಳಪಿನ ಚೀಲದ ಮೇಲೆ ಬೇಡ, ಅದರ ಹೊರಮೈಯಲ್ಲಿ ಸ್ವಲ್ಪ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದು ರ್ಯಾಮ್, ಕಾರ್ಡ್, ಎಸ್‌ಎಂಪಿಎಸ್. ಇಷ್ಟೇ. ಎಸ್‌ಎಸ್‌ಡಿ ಬೇಡ, ಮುಂದಿನ ಯುಎಸ್‌ಬಿ ವೈರ್ ಬೇಡ. ಪವರ್ ಸ್ವಿಚ್‌ನ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿದರೆ ಆನ್ ಆಗುತ್ತೆ. ಯಾವ ಎರಡು ಅನ್ನುವುದು ಪುಸ್ತಕದಲ್ಲಿದೆ, ಅಂದಾಜಿನಲ್ಲಿ ಬೇಡ. ಇದೇ ಹೊತ್ತಿಗೆ ಸಿಮಾಸ್ (ಬಯೋಸ್‌ನ ಉಳಿಸಿಟ್ಟ ಸೆಟ್ಟಿಂಗ್) ಕೂಡ ಕ್ಲಿಯರ್ ಮಾಡಿ: ಪ್ಲಗ್ ಕಿತ್ತು, ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಮೇಜಿನ ಮೇಲೆ ಡಿಸ್‌ಪ್ಲೇ ಬಂದು ಕ್ಯಾಬಿನೆಟ್‌ಗೆ ಹಾಕಿದರೆ ಹೋಗುತ್ತಾ? ಹಾಗಾದರೆ ಕಳ್ಳ ಕ್ಯಾಬಿನೆಟ್‌ನಲ್ಲಿದ್ದಾನೆ. ಬಂದ ಮೇಲೆ ಒಂದೊಂದೇ ಸಾಮಾನು ಸೇರಿಸುತ್ತಾ ಹೋಗಿ, ಪ್ರತಿ ಸಲ ಆನ್ ಮಾಡಿ ನೋಡಿ.

ಎಸ್‌ಎಂಪಿಎಸ್ ಬಗ್ಗೆ ಕೇಳಿದ್ದೀರಿ. 550 ವಾಟ್ ನಿಮಗೆ ಧಾರಾಳ. ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಹಾಕಿ ಫ್ಯಾನ್ ತಿರುಗಿಸುವ ವಿಡಿಯೋ ನೋಡಿರುತ್ತೀರಿ. ಅದರಿಂದ ಎಸ್‌ಎಂಪಿಎಸ್ ಆನ್ ಆಗುತ್ತೆ ಅಂತ ಗೊತ್ತಾಗುತ್ತೆ, ಅದು ನಿಮಗೆ ಈಗಾಗಲೇ ಗೊತ್ತು. ಲೋಡ್ ಬಿದ್ದಾಗ ನಿಲ್ಲುತ್ತಾ ಅನ್ನುವುದು ಗೊತ್ತಾಗಲ್ಲ. ಗೆಳೆಯರ ಒಳ್ಳೇ ಎಸ್‌ಎಂಪಿಎಸ್ ಅನ್ನು ಅದರದೇ ವೈರ್ ಸಮೇತ ಒಂದು ತಾಸು ತಂದು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಮತ್ತೆ, ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುವಷ್ಟು ಕರೆಂಟ್ ಇಟ್ಟುಕೊಂಡಿರುತ್ತೆ.

ಬಾಡಿಗೆ ರೂಮ್ ಅಂದಿರಿ, ಅದಕ್ಕೆ ಇದನ್ನೂ ಕೇಳುತ್ತೇನೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಅನ್ನುತ್ತಿದ್ದರೆ ಆ ಬೋರ್ಡಿಗೆ ಅರ್ಥಿಂಗ್ ಇಲ್ಲ. ಇಲ್ಲಿ ಬೋರ್ಡ್ ಅಂದರೆ ಗೋಡೆಯ ಸ್ವಿಚ್ ಬೋರ್ಡ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಅರ್ಥಿಂಗ್‌ಗೆ ಬಿಡಬೇಕಾದ ಕರೆಂಟ್ ಹೋಗಲು ದಾರಿ ಇಲ್ಲದೇ ಕ್ಯಾಬಿನೆಟ್ ಮೇಲೆ ನಿಲ್ಲುತ್ತೆ. ತುಂಬಾ ಸಣ್ಣದು, ಆದರೆ ಎರಡೂ ಆನ್ ಇದ್ದಾಗ ಎಚ್‌ಡಿಎಂಐ ಚುಚ್ಚಿದರೆ ಪೋರ್ಟ್ ಸುಡಲು ಸಾಕು. ಕೇಬಲ್ ಯಾವಾಗಲೂ ಆಫ್ ಮಾಡಿ ಹಾಕಿ, ಮನೆ ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಇದ್ದರೆ ಅದನ್ನು ಇವತ್ತೇ ಎಸೆಯಿರಿ.

ಇಷ್ಟೆಲ್ಲ ಆಗಿಯೂ ಬರಲಿಲ್ಲ ಅಂದರೆ ಅಂಗಡಿಗೆ ಹೋಗಿ. ಬಿಲ್, ಬಾಕ್ಸ್ ಜೊತೆಗಿರಲಿ. ನಿಮ್ಮ ಕಣ್ಣೆದುರೇ ಅವರ ಪ್ರೊಸೆಸರ್ ನಿಮ್ಮ ಬೋರ್ಡಿಗೆ, ನಿಮ್ಮ ಪ್ರೊಸೆಸರ್ ಅವರ ಬೋರ್ಡಿಗೆ ಹಾಕಿ ತೋರಿಸಲಿ. ಆಗ ಬೋರ್ಡ್ ಹೋಗಿದೆ ಅಂದರೆ ನಾನೂ ಒಪ್ಪುತ್ತೇನೆ, ವಾರಂಟಿಯಲ್ಲಿ ಕೊಡಿ.

ಬಾಗಲಕೋಟೆಯಲ್ಲಿ ಹಳೇ ರೈಜೆನ್ ಸಿಗದಿದ್ದರೆ ನನ್ನ ಹತ್ತಿರ ಒಂದು 2600 ಇದೆ, ಇದೇ ಕೆಲಸಕ್ಕೆ ಅಂತ ಇಟ್ಟುಕೊಂಡಿದ್ದೇನೆ. ಒಂದು ಭಾನುವಾರ ವಿಜಯಪುರದ ಬಸ್ ಹತ್ತಿ. ಇಡೀ ಕ್ಯಾಬಿನೆಟ್ ಹೊತ್ತು ತರಬೇಡಿ. ಹೋದ ವರ್ಷ ಒಬ್ಬರು ಬೆಳಗಾವಿಯಿಂದ ಹಾಗೇ ತಂದಿದ್ದರು, ಬಸ್ಸಿನ ಕುಲುಕಾಟಕ್ಕೆ ಕಾರ್ಡ್ ಸ್ಲಾಟ್‌ನಿಂದ ಎದ್ದು ಬಂದಿತ್ತು. ಒಂದು ತೊಂದರೆಗೆ ಬಂದವರಿಗೆ ಎರಡಾಯಿತು. ಬೋರ್ಡ್, ಕಾರ್ಡ್, ಒಂದು ರ್ಯಾಮ್ ಬೇರೆ ಬೇರೆ ಬಾಕ್ಸ್‌ನಲ್ಲಿ ಹಾಕಿಕೊಂಡು ಬನ್ನಿ, ಉಳಿದದ್ದು ಇಲ್ಲಿದೆ. ದಾರಿಯಲ್ಲಿ ಕೊಲ್ಹಾರದ ಗಡಿಗೆ ಮೊಸರು ತಂದರೆ ಬೇಡ ಅನ್ನಲ್ಲ. ಬೋರ್ಡ್ ಇರುವ ಚೀಲದಲ್ಲಿ ಮಾತ್ರ ಇಡಬೇಡಿ.